ಸಿ.ಪಿ. ಮಗುವಿಗೆ ಹದಿನೆಂಟು ತುಂಬಿದಾಗ

"ಹದಿನೆಂಟು ಆಗ್ಯಾವ್ರಿ, ಇನ್ನ ಇಲ್ಲಿ ತರಬ್ಯಾಡ್ರಿ, ದೊಡ್ಡವರ ಓಪಿಡಿಗೆ ಹೋಗ್ರಿ." ಸೆರೆಬ್ರಲ್ ಪಾಲ್ಸಿ (ಸಿ.ಪಿ., ಚಿಕ್ಕಂದಿನಲ್ಲೇ ಮೆದುಳಿಗೆ ಆದ ಪೆಟ್ಟಿನಿಂದ ಕೈಕಾಲಿನ ಹತೋಟಿ ತಪ್ಪುವ ನ್ಯೂನತೆ) ಇರುವ ಮಗುವನ್ನು ವರ್ಷಗಟ್ಟಲೆ ಮಕ್ಕಳ ವಿಭಾಗಕ್ಕೆ ಹೊತ್ತು ತಂದ ಅವ್ವ ಒಂದಲ್ಲ ಒಂದು ದಿನ ಕೇಳುವ ಮಾತಿದು. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮಕ್ಕಳ ಡಾಕ್ಟರು ಒಬ್ಬರೇ ಕೈಕಾಲು, ಫಿಟ್ಸ್, ಊಟ ಎಲ್ಲ ನೋಡುತ್ತಿದ್ದರು. ದೊಡ್ಡವರ ಕಡೆ ಎಲುಬಿಗೆ ಒಬ್ಬರು, ನರಕ್ಕೆ ಒಬ್ಬರು, ಹೊಟ್ಟೆಗೆ ಒಬ್ಬರು. ಇಡೀ ಹುಡುಗನನ್ನು ಒಟ್ಟಾಗಿ ನೋಡುವವರು ಯಾರೂ ಇಲ್ಲ.

ಅದೇ ಹುಟ್ಟುಹಬ್ಬದ ದಿನ ಬೇರೆ ಬಾಗಿಲುಗಳೂ ಮುಚ್ಚುತ್ತವೆ. ಶಾಲೆ, ಅಂಗನವಾಡಿಗೆ ಬಂದು ತಪಾಸಣೆ ಮಾಡಿ ಜಿಲ್ಲಾ ಕೇಂದ್ರಕ್ಕೆ ಕಳಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ಸರಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಮನೆಗೆ ಬಂದು ಇಂಥ ಮಕ್ಕಳಿಗೆ ಕಲಿಸುತ್ತಿದ್ದ ಬಿಐಇಆರ್‌ಟಿ ಟೀಚರ ಕೆಲಸ 12ನೇ ತರಗತಿಯ ಆಚೆ ಹೋಗದು. ಅಪ್ಪ-ಅವ್ವ ಸಹಜ ಪಾಲಕರಾಗಿ ಮಾಡುತ್ತಿದ್ದ ಸಹಿಗೆ ಕಾನೂನಿನಲ್ಲಿ ಬೆಲೆ ಹೋಗುತ್ತದೆ. ಈ ಇಲಾಖೆಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದಿಲ್ಲ. ಆದ್ದರಿಂದ ತಯಾರಿ 14-15ಕ್ಕೇ ಶುರುವಾಗಬೇಕು. 18ಕ್ಕೆ ಶುರು ಮಾಡಿದರೆ ಒಂದೆರಡು ವರ್ಷ ಕಚೇರಿಗಳ ನಡುವೆಯೇ ಕಳೆಯುತ್ತದೆ.

ಗಾಯ ಬೆಳೆಯದು, ಮೈ ಬೆಳೆಯುತ್ತದೆ

ಮೆದುಳಿಗೆ ಆದ ಪೆಟ್ಟು ಹೆಚ್ಚಾಗುವುದಿಲ್ಲ ಎಂದು ಚಿಕ್ಕಂದಿನಲ್ಲಿ ಹೇಳಿರುತ್ತಾರೆ. ಅದು ನಿಜ. ಆದರೆ ಹತ್ತು ವರ್ಷಕ್ಕೆ ವಾಕರ್ ಹಿಡಿದು ಓಣಿ ತನಕ ಹೋಗುತ್ತಿದ್ದ ಹುಡುಗ ಹದಿನೈದಕ್ಕೆ ಕುರ್ಚಿ ಕೇಳುತ್ತಾನೆ. ಮನೆಯವರು ಒಂದೋ ಸೋಮಾರಿ ಅನ್ನುತ್ತಾರೆ, ಇಲ್ಲವೇ ರೋಗ ಏರಿತು ಅಂತ ಹೆದರುತ್ತಾರೆ. ಎರಡೂ ಅಲ್ಲ. ಪ್ರಾಯಕ್ಕೆ ಬರುವಾಗ ಎಲುಬು ಬೇಗ ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಜೊತೆ ಹಿಗ್ಗುವುದಿಲ್ಲ. ಮೊಣಕಾಲು ಮಡಚಿಕೊಳ್ಳುತ್ತದೆ, ಕುಕ್ಕರಿಸಿದಂಥ ನಡಿಗೆ ಬರುತ್ತದೆ. 25 ಕಿಲೋ ಹೊತ್ತು ನಡೆದ ಅದೇ ಬಿಗಿ ಕಾಲು ಈಗ 45 ಕಿಲೋ ಹೊರಬೇಕು. ಮನೆಯೊಳಗೆ ನಡೆದು, ಕಾಲೇಜಿಗೆ ಗಾಲಿಕುರ್ಚಿಯಲ್ಲಿ ಹೋದರೆ ಅದು ಸೋಲಲ್ಲ. ಇರುವ ಶಕ್ತಿಯನ್ನು ಓದಿಗೆ ಉಳಿಸಿಕೊಂಡಂತೆ.

ಈ ವಯಸ್ಸಿನಲ್ಲಿ ಕಣ್ಣು ತಪ್ಪಿಸಿ ಕೆಡುವುದು ಸೊಂಟದ ಕೀಲು. ನಡೆಯದ ಮಕ್ಕಳಲ್ಲಿ ತೊಡೆಯೆಲುಬಿನ ಗುಂಡು ತನ್ನ ಬಟ್ಟಲಿನಿಂದ ನಿಧಾನವಾಗಿ ಹೊರಗೆ ಸರಿಯುತ್ತದೆ, ಮೊದಮೊದಲು ನೋವೂ ಇರುವುದಿಲ್ಲ. ಮನೆಯಲ್ಲಿ ಕಾಣುವ ಗುರುತುಗಳಿವೆ: ಬಟ್ಟೆ ಬದಲಿಸುವಾಗ ತೊಡೆ ಅಗಲಿಸುವುದು ಹೋದ ವರ್ಷಕ್ಕಿಂತ ಕಷ್ಟ, ಮಲಗಿಸಿದಾಗ ಒಂದು ಮೊಣಕಾಲು ಇನ್ನೊಂದಕ್ಕಿಂತ ಕೆಳಗೆ, ಕೂತಾಗ ಮೈ ಒಂದೇ ಕಡೆ ವಾಲುವುದು. ಸೊಂಟದ ಎಕ್ಸ್‌ರೇ ತೆಗೆಸಿ "ಗುಂಡು ಎಷ್ಟು ಪ್ರತಿಶತ ಹೊರಗಿದೆ" ಎಂದು ಅಂಕಿಯನ್ನೇ ಕೇಳಬೇಕು. ಶೇ 30 ದಾಟಿದರೆ ಮೂಳೆ ತಜ್ಞರು ನೋಡಲೇಬೇಕು. ಫಿಲಂ ಮನೆಯಲ್ಲಿ ಸಪಾಟಾಗಿ ಇಡಿ, ಟ್ರಂಕಿನಲ್ಲಿ ಮಡಚಿ ಇಟ್ಟ ಫಿಲಂ ಯಾರಿಗೂ ಬೇಡ. ಎರಡು ವರ್ಷದ ಹಿಂದಿನ ಚಿತ್ರ ಪಕ್ಕದಲ್ಲಿದ್ದರೆ ಮಾತ್ರ ಸರಿಯುತ್ತಿರುವುದು ಗೊತ್ತಾಗುತ್ತದೆ.

ಹುಟ್ಟಿದಾಗ ಕಾಮಾಲೆ ತೀವ್ರವಾಗಿ, ಈಗ ಕೈ-ಕುತ್ತಿಗೆ ತಾನಾಗಿ ತಿರುಚುತ್ತಿರುವವರ ಲೆಕ್ಕ ಬೇರೆ. ವರ್ಷಾನುಗಟ್ಟಲೆ ತಿರುಚಿದ ಕುತ್ತಿಗೆಯ ಮೂಳೆಗಳು ಸವೆದು ಒಳಗಿನ ನರಹುರಿಯನ್ನು ಒತ್ತಬಹುದು. ಮೊನ್ನೆವರೆಗೆ ಚಮಚ ಹಿಡಿಯುತ್ತಿದ್ದ ಕೈ ಈಗ ಹಿಡಿಯುತ್ತಿಲ್ಲ, ಮೂತ್ರದ ಹತೋಟಿ ತಪ್ಪಿದೆ, ನಿಲ್ಲುವುದು ನಿಂತಿದೆ ಎಂದಾದರೆ "ಸಿ.ಪಿ. ಇದ್ದವರಿಗೆ ಹೀಂಗೇ" ಎಂಬ ಉತ್ತರಕ್ಕೆ ಒಪ್ಪಬಾರದು. ಹೊಸದಾಗಿ ಕಳೆದುಕೊಂಡದ್ದಕ್ಕೆ ಹೊಸ ಕಾರಣವೇ ಇದೆ ಎಂದು ಹಿಡಿದು ಹುಡುಕಬೇಕು, ಕುತ್ತಿಗೆಯ ಎಂಆರ್‌ಐ ಕೇಳಬೇಕು. ಈ ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ಇಡಿ.

ಮಾತ್ರೆಗಳಲ್ಲಿ ಮೂರು ಮಾತು. ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಒಮ್ಮೆಲೇ ನಿಂತರೆ ಬಿಗಿತ ಮೊದಲಿಗಿಂತ ಜೋರಾಗಿ ಮರಳಬಹುದು, ಜ್ವರ, ಫಿಟ್ಸ್ ಕೂಡ ಬರಬಹುದು. ನಿಲ್ಲಿಸುವುದಿದ್ದರೆ ಡಾಕ್ಟರು ಹೇಳಿದಂತೆ ವಾರಗಳಲ್ಲಿ ಇಳಿಸುತ್ತ ಬರಬೇಕು. ಹಳ್ಳಿಯ ಮೆಡಿಕಲ್ ಅಂಗಡಿಯಲ್ಲಿ ಇದು ಸದಾ ಸಿಗದು, ಮಳೆಗಾಲದಲ್ಲಿ ಹಳ್ಳ ಬಂದರೆ ರಸ್ತೆಯೇ ಇರದು. ಹತ್ತು ದಿನದ ಮಾತ್ರೆ ಹೆಚ್ಚುವರಿಯಾಗಿ ಮನೆಯಲ್ಲಿರಲಿ. ಪುಣೆ, ಮುಂಬೈಗೆ ದುಡಿಯಲು ಹೋಗುವ ಯಾದಗಿರಿ ಕಡೆಯ ಕುಟುಂಬಗಳು ಹೊರಡುವ ಮುಂಚೆ ಚೀಟಿ ಹೊಸದು ಬರೆಸಿಕೊಳ್ಳಬೇಕು. ಎರಡನೆಯದು, ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್. ಮುಟ್ಟು ಶುರುವಾದ ಹುಡುಗಿಗೆ ಇದನ್ನೇ ಮುಂದುವರಿಸಬೇಕೇ ಎಂದು ನರ ತಜ್ಞರನ್ನು ಕೇಳಿ. ಗರ್ಭದಲ್ಲಿರುವ ಕೂಸಿಗೆ ಅದು ಗಂಭೀರ ಹಾನಿ ಮಾಡುತ್ತದೆ. "ಇವಳಿಗೆಲ್ಲಿ ಮದುವಿ, ಎಲ್ಲಿ ಬಸುರು" ಎಂದು ಆ ಪ್ರಶ್ನೆಯನ್ನೇ ಬಿಡುವುದು ನಮ್ಮ ಕಡೆ ಸಾಮಾನ್ಯ. ಬಿಡಬಾರದು, ಆದರೆ ಉತ್ತರ ಬರುವ ಮುಂಚೆ ತಾವೇ ಮಾತ್ರೆ ನಿಲ್ಲಿಸಲೂಬಾರದು. ಮೂರನೆಯದು, ಫೆನಿಟಾಯಿನ್‌ನಂಥ ಹಳೆ ಮಾತ್ರೆ ವರ್ಷಗಟ್ಟಲೆ ತಗೊಂಡು ಮನೆಯೊಳಗೇ ಇರುವವರ ಎಲುಬು ತೆಳುವಾಗುತ್ತದೆ. ವಿಟಮಿನ್ ಡಿ ಪರೀಕ್ಷೆ ಕೇಳಿ. ನಮ್ಮಲ್ಲಿ ಬಿಸಿಲಿಗೇನು ಬರ ಎನ್ನಬೇಡಿ, ಆ ಬಿಸಿಲಿಗೆ ಹೆದರಿಯೇ ಮಗುವನ್ನು ಒಳಗೆ ಮಲಗಿಸಿರುತ್ತೇವೆ.

ಹುಡುಗಿಯ ಮುಟ್ಟಿನ ಕಿರಿಕಿರಿ ತಪ್ಪಿಸಲು ಗರ್ಭಕೋಶ ತೆಗೆಸಿಬಿಡಿ ಎಂಬ ಸಲಹೆ ಬರುವುದುಂಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 10ರ ಪ್ರಕಾರ, ಆಕೆಯ ಮುಕ್ತ, ತಿಳಿದ ಒಪ್ಪಿಗೆ ಇಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಸ್ರಾವ ಕಡಿಮೆ ಮಾಡುವ ಬೇರೆ ಮದ್ದುಗಳಿವೆ, ಸ್ತ್ರೀರೋಗ ತಜ್ಞರ ಬಳಿ ಅವನ್ನು ಕೇಳಿ. ಇನ್ನು ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ. ಎಕರೆ ಹೊಲ ಮಾರಿ ದೊಡ್ಡ ಊರಿಗೆ ಹೋಗುವ ಮುಂಚೆ ಇಷ್ಟು ತಿಳಿದಿರಲಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸಿ.ಪಿ.ಗೆ ಅದನ್ನು ಚಿಕಿತ್ಸೆಯೆಂದು ಒಪ್ಪಿಲ್ಲ. ಸಂಶೋಧನೆಯಾಗಿ ಮಾಡುವುದಿದ್ದರೆ ರೋಗಿಯಿಂದ ಹಣ ಪಡೆಯಬಾರದು.

ಊಟ, ನೀರು, ತೂಕ

ಬಾಯಿ-ಗಂಟಲಿನ ಸ್ನಾಯು ಬಿಗಿ ಇರುವವರಿಗೆ ಖಡಕ್ ರೊಟ್ಟಿಯ ಚೂರು ಅಪಾಯ. ಬಿಸಿ ರೊಟ್ಟಿ ಮುರಿದು ತೊಗರಿ ಬ್ಯಾಳಿಯ ಗಟ್ಟಿ ಸಾರಿನಲ್ಲಿ ಹತ್ತು ನಿಮಿಷ ನೆನೆಸಿ, ಬೆರಳಲ್ಲಿ ಒತ್ತಿದರೆ ಕರಗುವಂತಾದ ಮೇಲೆ ಕೊಡಿ. ತಿಳಿ ಸಾರು, ಮಜ್ಜಿಗೆ, ನೀರು ರೊಟ್ಟಿಗಿಂತ ಹೆಚ್ಚು ಕೆಮ್ಮು ತರಿಸುತ್ತವೆ, ಏಕೆಂದರೆ ಶ್ವಾಸನಾಳದ ಬಾಯಿ ಮುಚ್ಚುವ ಮುಂಚೆಯೇ ಅವು ಒಳಗಿಳಿದಿರುತ್ತವೆ. ಬೆನ್ನು ನೇರ, ಗದ್ದ ಸ್ವಲ್ಪ ಕೆಳಗೆ, ತಿನಿಸುವವರು ಎದುರಿಗೆ ಅದೇ ಎತ್ತರದಲ್ಲಿ. ನಿಂತು ಮೇಲಿನಿಂದ ತಿನಿಸಿದರೆ ತಲೆ ಹಿಂದಕ್ಕೆ ಹೋಗಿ ಶ್ವಾಸನಾಳ ತೆರೆದುಕೊಳ್ಳುತ್ತದೆ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ವರ್ಷಕ್ಕೆ ಎರಡು-ಮೂರು ಸಲ ನ್ಯುಮೋನಿಯಾ ಬಂದರೆ ಊಟ ಶ್ವಾಸಕೋಶಕ್ಕೆ ಹೋಗುತ್ತಿದೆಯೇ ಎಂದು ನೋಡಿಸಿ.

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಲಬುರಗಿ-ಯಾದಗಿರಿ ಕಡೆ ಬಿಸಿಲು 42 ಡಿಗ್ರಿ ಮೀರುತ್ತದೆ. ಮೇಲಿಂದ ಮೇಲೆ ಎತ್ತಿ ಶೌಚಕ್ಕೆ ಒಯ್ಯುವುದು ಕಷ್ಟವೆಂದು ಮನೆಯವರೇ ನೀರು ಕಡಿಮೆ ಕೊಡುತ್ತಾರೆ, ಹುಡುಗರೂ ತಾವಾಗಿ ಕುಡಿಯುವುದು ಬಿಡುತ್ತಾರೆ. ಆಮೇಲೆ ಮಲಬದ್ಧತೆ, ಅದರಿಂದ ಹೊಟ್ಟೆನೋವು, ನೋವಿಗೆ ಬಿಗಿತ, ಬಿಗಿತಕ್ಕೆ ಇನ್ನೊಂದು ಮಾತ್ರೆ. ಬಿಗಿತ ಏಕಾಏಕಿ ಏರಿದರೆ ಮೊದಲು ಹೊಟ್ಟೆ, ಹಲ್ಲು, ಮೂತ್ರ, ಚರ್ಮದ ಹುಣ್ಣು ನೋಡಿ, ಮಾತ್ರೆ ಆಮೇಲೆ.

ಎತ್ತಿಕೊಂಡು ತೂಕ ನೋಡುವ ವಯಸ್ಸು ದಾಟಿದ ಮೇಲೆ ಎಷ್ಟೋ ಮನೆಗಳಲ್ಲಿ ತೂಕ ನೋಡುವುದೇ ನಿಲ್ಲುತ್ತದೆ, ಮಾತ್ರೆಯ ಪ್ರಮಾಣ ಹಳೆ ತೂಕದ ಮೇಲೇ ಉಳಿಯುತ್ತದೆ. ಪರಿಹಾರ ಅಡತಿ ಅಂಗಡಿಯಲ್ಲಿದೆ. ತೊಗರಿ ಚೀಲ ತೂಗುವ ಕಾಟಾದ ಮೇಲೆ ಕುರ್ಚಿ ಸಮೇತ ಹತ್ತಿಸಿ, ಆಮೇಲೆ ಬರೀ ಕುರ್ಚಿ ತೂಗಿ ಕಳೆಯಿರಿ. ಮೂರು ತಿಂಗಳಿಗೊಮ್ಮೆ ಸಾಕು.

ಒಂದು ಹಾಳೆ

ದೊಡ್ಡವರ ಓಪಿಡಿಯಲ್ಲಿ ಡಾಕ್ಟರ ಕೈಗೆ ಹದಿನೈದು ವರ್ಷದ ಕಡತ ಕೊಟ್ಟರೆ ಓದುವವರಿಲ್ಲ. ಮಕ್ಕಳ ಡಾಕ್ಟರನ್ನು ಬಿಡುವ ಮುಂಚೆ ಅವರಿಂದಲೇ ಒಂದು ಹಾಳೆ ಬರೆಸಿಕೊಳ್ಳಿ, ಕೆಳಗೆ ಸಹಿ ಇರಲಿ. ಅದರಲ್ಲಿ ಹೀಗಿರಬೇಕು:

"ಎರಡೂ ಕಾಲು, ಎರಡೂ ಕೈ ಬಿಗಿತ. ಚಲನೆಯ ಹಂತ: ಐದರಲ್ಲಿ 4. ಕೊನೆಯ ಫಿಟ್ಸ್: ತಿಂಗಳು, ವರ್ಷ. ಮಾತ್ರೆ: ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ. ಆಪರೇಷನ್: ಯಾವುದು, ಯಾವ ಕಾಲು. ಸೊಂಟದ ಕೊನೆಯ ಎಕ್ಸ್‌ರೇ: ಎಡ ಶೇ 22, ಬಲ ಶೇ 35. ಊಟ: ಮೆತ್ತಗಿನದು, ತಿಳಿ ನೀರಿಗೆ ಕೆಮ್ಮುತ್ತಾನೆ. ಒಗ್ಗದ ಔಷಧಿ. ಮಾತು: ಕಣ್ಣು ಮೇಲೆತ್ತಿದರೆ ಹೌದು, ಕಣ್ಣು ಮುಚ್ಚಿದರೆ ಇಲ್ಲ. ಎಲ್ಲವೂ ಅರ್ಥವಾಗುತ್ತದೆ, ಅವನನ್ನೇ ಕೇಳಿ."

ಕೊನೆಯ ಸಾಲಿನಷ್ಟು ಕೆಲಸ ಮಾಡುವ ಸಾಲು ಬೇರೊಂದಿಲ್ಲ. ಚಲನೆಯ ಹಂತವೆಂದರೆ 1ರಿಂದ 5ರ ಅಳತೆ: 1 ಎಂದರೆ ತಾನೇ ನಡೆಯುವವರು, 5 ಎಂದರೆ ತಲೆ ಎತ್ತಿ ಹಿಡಿಯಲೂ ನೆರವು ಬೇಕಾದವರು. ಈ ಹಾಳೆ ಹಿಡಿದು ಹೋಗಬೇಕಾದ್ದು ಎಲ್ಲಿಗೆ? ಪುನರ್ವಸತಿ ವೈದ್ಯರು ಸಿಕ್ಕರೆ ಅವರ ಬಳಿ, ಸಿಗದಿದ್ದರೆ ಹತ್ತಿರದ ಒಬ್ಬ ಫಿಜಿಶಿಯನ್‌ ಬಳಿ. ಎಲುಬು, ನರ, ದಂತದವರ ಚೀಟಿಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋಗುವಂತಿರಲಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಕಡೆ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ, ಬೇರೆ ಬೇರೆ ವಿಭಾಗಗಳು ಒಂದೇ ಆವರಣದಲ್ಲಿ ಸಿಗುತ್ತವೆ.

ಕಾಗದಪತ್ರ

ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಮೇಲೆ ಅವಧಿ ಇದೆಯೇ ನೋಡಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿರುತ್ತಾರೆ, ಅದು ಮುಗಿದದ್ದು ಮಾಸಾಶನ ನಿಂತಾಗಲೇ ಗೊತ್ತಾಗುತ್ತದೆ. ಮರುತಪಾಸಣೆಗೆ ಹೋಗುವಾಗ ಪ್ರತಿಶತದ ಲೆಕ್ಕ ತಿಳಿದಿರಬೇಕು. ಎರಡು ನ್ಯೂನತೆ ಇದ್ದರೆ ಸುಮ್ಮನೆ ಕೂಡಿಸುವುದಿಲ್ಲ. 90ರಿಂದ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ಕೈಕಾಲಿನದು 60, ಕಿವಿಯದು 50 ಎಂದಿಟ್ಟುಕೊಳ್ಳಿ: 30 ಗುಣಿಸು 50, ಭಾಗಿಸು 90, ಸುಮಾರು 17. ಒಟ್ಟು 77. ಕಿವಿ ಪರೀಕ್ಷೆಯ ವರದಿ ಒಯ್ಯದಿದ್ದರೆ ಕಾರ್ಡಿನ ಮೇಲೆ 60 ಎಂದಷ್ಟೇ ಬರುತ್ತದೆ. ಬಹುತೇಕ ಸೌಲಭ್ಯಗಳಿಗೆ ಶೇ 40 ಕನಿಷ್ಠ, ರಾಜ್ಯದ ಮಾಸಾಶನ ಹೆಚ್ಚುವುದು ಶೇ 75ರ ಗೆರೆಯಲ್ಲಿ. ಕಾಮಾಲೆಯಿಂದ ಬಂದ ಸಿ.ಪಿ.ಯಲ್ಲಿ ಕಿವಿ ಕೆಟ್ಟಿರುವ ಸಂಭವ ಹೆಚ್ಚು, ಹಾಗಾಗಿ ಈ ವರದಿ ಬಿಡಲೇಬೇಡಿ.

ಆದರೆ ಅಂಕಿ ಏರಲಿ ಎಂದು ಬುದ್ಧಿಮಾಂದ್ಯದ ಹಣೆಪಟ್ಟಿ ಹಚ್ಚಿಸುವುದು ಬೇಡ. ಬಾಯಲ್ಲಿ ಹೇಳು, ಕೈಯಲ್ಲಿ ಜೋಡಿಸು ಎನ್ನುವ ಪರೀಕ್ಷೆಯಲ್ಲಿ ಮಾತು ಬಾರದ, ಕೈ ಆಡದ ಜಾಣ ಹುಡುಗಿಯೂ ಸೋಲುತ್ತಾಳೆ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವವಳಿಗೆ ಕನ್ನಡದಲ್ಲಿ ಪರೀಕ್ಷೆ ಮಾಡಿದರೆ ಇನ್ನೂ ಕೆಳಗೆ ಇಳಿಯುತ್ತದೆ. ಆ ಪಟ್ಟಿ ಮುಂದೆ ಕಾಲೇಜಿಗೂ ಬ್ಯಾಂಕಿಗೂ ಅಡ್ಡ ಬರುತ್ತದೆ.

ಆಧಾರ್‌ಗೆ 15ರಲ್ಲಿ ಬೆರಳು-ಕಣ್ಣಿನ ಗುರುತು ಮತ್ತೆ ಕೊಡಬೇಕು. ಮುಷ್ಟಿ ಬಿಗಿದಿದ್ದು ಬೆರಳು ಬಿಡಿಸಲಾಗದಿದ್ದರೆ, ಕಣ್ಣು ನಿಲ್ಲದಿದ್ದರೆ, "ಬಯೋಮೆಟ್ರಿಕ್ ವಿನಾಯಿತಿ" ಎಂದು ಹೇಳಿ ನೋಂದಾಯಿಸಿಕೊಳ್ಳಿ, ಅದಕ್ಕೆ ವ್ಯವಸ್ಥೆ ಇದೆ. ಬೆಳಿಗ್ಗೆ ಸ್ನಾನವಾಗಿ ಮೈ ಸಡಿಲಿರುವ ಹೊತ್ತಿಗೆ ಹೋಗಿ. ಕ್ಯೂನಲ್ಲಿ ಎರಡು ತಾಸು ಕೂತ ಮೇಲೆ ಮುಷ್ಟಿ ಬಿಚ್ಚುವುದಿಲ್ಲ.

ಬ್ಯಾಂಕ್ ಖಾತೆ 18ಕ್ಕೆ ವಯಸ್ಕರ ಖಾತೆಯಾಗಬೇಕು, ಹೊಸ ಕೆವೈಸಿ ಬೇಕು. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಒಪ್ಪಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಯಾವ ಬೆರಳೂ ಆಗದು, ಬ್ಯಾಂಕಿಗೆ ಬರಲೂ ಆಗದು ಎಂದರೆ ಒಂದು ಗೆರೆಯೂ ಸಾಕು, ಇಬ್ಬರು ಸಾಕ್ಷಿ ಇರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿ. ಕೌಂಟರಿನಲ್ಲಿ ಬರುವ ಮಾತು ಬಹುಶಃ "ಗಾರ್ಡಿಯನ್‌ಶಿಪ್ ತರ್ರಿ" ಎಂಬುದೇ. ಅದು ಎಲ್ಲರಿಗೂ ಬೇಕಿಲ್ಲ.

ಇಲ್ಲೇ ಬಹಳ ಗೊಂದಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಸಿ.ಪಿ., ಆಟಿಸಂ, ಬೌದ್ಧಿಕ ನ್ಯೂನತೆ, ಬಹು ನ್ಯೂನತೆ ಇರುವವರಿಗೆ ಪಾಲಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ, ಅದರಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ಅರ್ಜಿ ನಮೂನೆ 'ಎ', ನೇಮಕ ನಮೂನೆ 'ಬಿ'. ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಈ ಎರಡನ್ನು ಮರೆಯುವವರೇ ಹೆಚ್ಚು. ಆದರೆ ಪಾಲಕರು ಬೇಕೇ, ಯಾವ ಕೆಲಸಕ್ಕೆ ಬೇಕು ಎಂದು ಸಮಿತಿ ನೋಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಹಣ, ಹೊಲ, ಚಿಕಿತ್ಸೆ ಏನೆಂದು ಅರ್ಥವಾಗುವ, ಬರೀ ಕೈ-ಬಾಯಿ ಆಡದ ವ್ಯಕ್ತಿಗೆ ಪಾಲಕರನ್ನು ನೇಮಿಸಿದರೆ ಅವನ ಮತ್ತು ಅವನ ಪಾಲಿನ ಜಮೀನಿನ ನಡುವೆ ಇನ್ನೊಬ್ಬರನ್ನು ಕೂರಿಸಿದಂತೆ. ನಡುವಿನ ದಾರಿಯೊಂದಿದೆ: 2016ರ ಕಾಯ್ದೆಯ ಕಲಂ 14ರ ಸೀಮಿತ ಪಾಲಕತ್ವ, ಗೊತ್ತಾದ ಒಂದು ಕೆಲಸಕ್ಕೆ, ಗೊತ್ತಾದ ಅವಧಿಗೆ, ಇಬ್ಬರೂ ಕೂಡಿ ತೀರ್ಮಾನಿಸುವುದು.

ಅದೇ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಮುಂಚಿತ ವೈದ್ಯಕೀಯ ಪರೀಕ್ಷೆ ಇಲ್ಲ, ಥೆರಪಿಯ ಖರ್ಚೂ ಸೇರುತ್ತದೆ. ಮೊದಲು ಕೊಟ್ಟು ಆಮೇಲೆ ಪಡೆಯುವ ಪದ್ಧತಿಯಾದ್ದರಿಂದ ಪ್ರತಿ ಬಿಲ್ಲು ಇಡಬೇಕು. ವರ್ಷ ವರ್ಷ ನವೀಕರಣ. ವಾಡಿ, ಶಹಾಬಾದ್ ಕಡೆಯ ರೈಲ್ವೆ ನೌಕರರು ನಿವೃತ್ತಿಗೆ ಮುಂಚೆ ಮಗುವಿನ ಹೆಸರನ್ನು ನ್ಯೂನತೆಯ ದಾಖಲೆ ಸಹಿತ ಕಚೇರಿಯಲ್ಲಿ ಬರೆಸಿಡಲಿ. ದುಡಿದು ಬದುಕಲಾಗದ ಮಗುವಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುವ ನಿಯಮವಿದೆ. ಇವಕ್ಕೆಲ್ಲ ಮೊದಲ ಕೊಂಡಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು.

ಓದು, ಓಡಾಟ

ಪರೀಕ್ಷೆಯಲ್ಲಿ ಬರೆಯುವವರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ: ಮೂರು ತಾಸಿನ ಪತ್ರಿಕೆಗೆ ಒಂದು ತಾಸು. ಇದನ್ನು ಪರೀಕ್ಷೆಯ ದಿನ ಕೇಳಿದರೆ ಸಿಗದು, ಅರ್ಜಿ ತುಂಬುವಾಗಲೇ ಬರೆಯಬೇಕು. ಬರೆಯುವವರ ಜೊತೆ ಮನೆಯಲ್ಲಿ ನಾಲ್ಕೈದು ಪೂರ್ಣ ಪತ್ರಿಕೆ ಅಭ್ಯಾಸ ಮಾಡಿ. ತೊದಲು ಮಾತು ಅಪರಿಚಿತ ಕಿವಿಗೆ ಹೊಂದಿಕೊಳ್ಳಲು ಎರಡು-ಮೂರು ದಿನ ಬೇಕೇ ಬೇಕು. ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5 ಸೀಟು, ಸರಕಾರಿ ನೌಕರಿಯಲ್ಲಿ ಕನಿಷ್ಠ ಶೇ 4 ಮೀಸಲು. ಅದರ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಇದೆ. ಉಪವಿಭಾಗಾಧಿಕಾರಿ ಕೊಡುವ ಆ ಸ್ಥಳೀಯ ಪ್ರಮಾಣಪತ್ರಕ್ಕೆ ಶಾಲೆಯ ವ್ಯಾಸಂಗ ದಾಖಲೆ ಕೇಳುತ್ತಾರೆ. ಮನೆಯಲ್ಲೇ ಕಲಿತ ಮಗುವಿನ ಹೆಸರು ಶಾಲೆಯ ಹಾಜರಿಯಿಂದ ಹೊಡೆದುಹಾಕಿದ್ದರೆ ಇಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಪ್ರತಿ ವರ್ಷ ಹೆಸರು ಇದೆಯೇ ಎಂದು ನೋಡಿಕೊಳ್ಳಿ.

ಬಸ್ಸಿಗೆ ಹುಡುಗಿಯಾದರೆ ಶಕ್ತಿ ಯೋಜನೆ ಸಾಕು, ಆದರೆ ಅದು ರಾಜ್ಯದೊಳಗಿನ ಸಾಮಾನ್ಯ ಬಸ್ಸಿಗಷ್ಟೇ. ಸೊಲ್ಲಾಪುರ, ಹೈದರಾಬಾದಿನ ದವಾಖಾನೆಗೆ ಹೋಗುವಾಗ ನಡೆಯದು. ಹುಡುಗನಿಗೆ ಕೆಕೆಆರ್‌ಟಿಸಿಯ ವಾರ್ಷಿಕ ರಿಯಾಯಿತಿ ಪಾಸ್. ದೂರಕ್ಕೆ ರೈಲೇ ಸರಿ: ಜೊತೆಗಾರರಿಲ್ಲದೆ ಹೋಗಲಾಗದವರಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಶೇ 75 ರಿಯಾಯಿತಿ, ಜೊತೆಗೆ ಹೋಗುವವರಿಗೂ ಅಷ್ಟೇ.

ಶಿಬಿರದಲ್ಲಿ ಸಿಗುವ ಗಾಲಿಕುರ್ಚಿಯ ಸೀಟು ಸಾಮಾನ್ಯವಾಗಿ 18 ಇಂಚು ಅಗಲ. ಸೊರಗಿದ ಹುಡುಗನ ಸೊಂಟ 12-13 ಇಂಚು. ನಡುವಿನ ಜಾಗದಲ್ಲಿ ಮೈ ವಾಲಿ, ವಾಲಿದ ಕಡೆಗೇ ಬೆನ್ನು ಬಾಗುತ್ತದೆ. ಸೊಂಟದ ಎರಡೂ ಬದಿಗೆ ಒಂದೊಂದು ಬೆರಳು, ಮೊಣಕಾಲ ಹಿಂದೆ ಎರಡು ಬೆರಳು, ಅಷ್ಟೇ ಜಾಗ ಇರಬೇಕು. ಹೊಂದದಿದ್ದರೆ ಗಟ್ಟಿ ಫೋಮ್ ಕತ್ತರಿಸಿ ಎರಡೂ ಕಡೆ ತುಂಬಿ. ಮುಂದಿನ ಸಣ್ಣ ಗಾಲಿ ಎರೆ ಮಣ್ಣಿನ ಕೆಸರಿನಲ್ಲಿ ಹೂತುಹೋಗುತ್ತದೆ, ಹಳ್ಳಿಯವರು ದೊಡ್ಡ ಮುಂಗಾಲಿ ಇರುವುದನ್ನೇ ಕೇಳಿ ಪಡೆಯಬೇಕು. ಮನೆ ಹೊಸ್ತಿಲು ಆರು ಇಂಚು ಎತ್ತರವಿದ್ದರೆ ಇಳಿಜಾರು ಆರು ಅಡಿ ಉದ್ದ ಬೇಕು. ಶಹಾಬಾದ್ ಕಲ್ಲು ಹಾಸುವುದಾದರೆ ಉಳಿಯಿಂದ ಅಡ್ಡ ಗೀರು ಹಾಕಿಸಿ, ಒದ್ದೆಯಾದ ನುಣುಪು ಫರ್ಸಿ ಮೇಲೆ ಕುರ್ಚಿ ಜಾರುತ್ತದೆ.

ಅವ್ವ ಇಲ್ಲದ ಎರಡು ದಿನ

ಹದಿನೈದರ ನಂತರ ಪ್ರತಿ ಸಲ ಡಾಕ್ಟರ ಬಳಿ ಹೋದಾಗ ಹತ್ತು ನಿಮಿಷ ತಂದೆ-ತಾಯಿ ಹೊರಗೆ ಕೂರಲಿ. ಮಾತು ಬಾರದವರಾದರೆ ಹೌದು-ಇಲ್ಲ ಸನ್ನೆಯ ಹಾಳೆ ಕೈಯಲ್ಲಿರಲಿ. ನೋವು ಎಲ್ಲಿ, ಯಾವ ಮಾತ್ರೆ ನುಂಗದೆ ಉಗುಳುತ್ತಾನೆ, ಯಾರಾದರೂ ಮೈ ಮುಟ್ಟುತ್ತಾರಾ ಎಂಬುದು ಅವ್ವನ ಎದುರು ಹೊರಬರುವುದಿಲ್ಲ.

ಎರಡನೆಯ ಅಭ್ಯಾಸ ಮನೆಯಲ್ಲಿ. ತಿನಿಸುವುದು, ಎತ್ತುವುದು, ಶೌಚ ಎಲ್ಲ ಒಬ್ಬರಿಗೇ ಗೊತ್ತಿದ್ದು ಆ ಒಬ್ಬರ ಸೊಂಟ ಹಿಡಿದುಕೊಂಡರೆ ಇಡೀ ಮನೆ ನಿಲ್ಲುತ್ತದೆ. 40 ಕಿಲೋ ದಾಟಿದವರನ್ನು ಒಬ್ಬರೇ ಎತ್ತುವುದನ್ನು ಅಂದೇ ಬಿಡಬೇಕು. ಒಬ್ಬರು ಕಂಕುಳ ಕೆಳಗೆ, ಒಬ್ಬರು ಮೊಣಕಾಲ ಕೆಳಗೆ, ಎಣಿಸಿ ಒಟ್ಟಿಗೆ ಎತ್ತಬೇಕು. ಎತ್ತುವ ಮುಂಚೆ "ಎತ್ತತೀವಿ" ಎಂದು ಹೇಳಬೇಕು, ಇಲ್ಲದಿದ್ದರೆ ಬೆಚ್ಚಿ ಮೈ ಬಿಲ್ಲಿನಂತೆ ಸೆಟೆಯುತ್ತದೆ. ಕಾಕಾನೋ, ಅತ್ತಿಗೆಯೋ, ಓಣಿಯ ಇನ್ನೊಬ್ಬರೋ, ಇಬ್ಬರಿಗಾದರೂ ಇದನ್ನು ಕಲಿಸಿ, ಅವ್ವ ಎರಡು ದಿನ ತವರಿಗೆ ಹೋಗಿ ಬರಲಿ. ಆ ಎರಡು ದಿನ ಏನೇನು ತಪ್ಪಿತೆಂದು ಮೊದಲು ಹುಡುಗನನ್ನೇ ಕೇಳಿ ಬರೆದುಕೊಳ್ಳಿ: ಯಾವ ಮಾತ್ರೆ ಮರೆತರು, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದರು, ಕರೆದರೆ ಯಾರಿಗೆ ಕೇಳಿಸಲಿಲ್ಲ. ಮುಂದಿನ ತಿಂಗಳು ಮತ್ತೆ ಎರಡು ದಿನ.